ಜಿಪಿಎ ಕಮ್ಮಿ ಇದ್ರೂ ಪಿಎ ಸ್ಕೂಲಿಗೆ ಅಪ್ಲೈ ಮಾಡೋದು ಹೇಗೆ

ಜಿಪಿಎ (4ಕ್ಕೆ ಎಷ್ಟು ಅಂತ ಲೆಕ್ಕ ಹಾಕೋ ಗ್ರೇಡುಗಳ ಸರಾಸರಿ) 2.8, 2.9 ಇಟ್ಕೊಂಡು ಫಿಸಿಶಿಯನ್ ಅಸಿಸ್ಟೆಂಟ್ (ಪಿಎ, ಅಂದ್ರೆ ಡಾಕ್ಟರ್ ಜೊತೆ ಸೇರಿ ರೋಗಿಗಳನ್ನ ಪರೀಕ್ಷಿಸಿ ಚಿಕಿತ್ಸೆ ಕೊಡೋರು) ಆಗ್ಬೇಕು ಅಂತ ಆಸೆ ಪಡೋರಿಗೆ ಮೊದಲೇ ಹೇಳ್ಬಿಡ್ತೀನಿ, ದಾರಿ ಇದೆ, ಆದ್ರೆ ಉದ್ದ ಇದೆ. ಅಮೆರಿಕದ ಪಿಎ ಸ್ಕೂಲುಗಳಲ್ಲಿ ಸೀಟು ಸಿಗೋರ ಸರಾಸರಿ ಜಿಪಿಎ ಸುಮಾರು 3.5, 3.6ರ ಹತ್ರ ಇರತ್ತೆ, ಅದನ್ನ ಮುಚ್ಚಿಟ್ಟು ಏನೂ ಪ್ರಯೋಜನ ಇಲ್ಲ. ಸರಾಸರಿ ಅಂದ್ಮೇಲೆ ಅದಕ್ಕಿಂತ ಕೆಳಗಿರೋರೂ ಒಳಗೆ ಹೋಗಿದ್ದಾರೆ ಅಂತ ತಾನೇ ಅರ್ಥ, ಅವರು ಏನು ತೋರಿಸಿ ಹೋದ್ರು ಅನ್ನೋದೇ ನಾವು ನೋಡ್ಬೇಕಾಗಿರೋದು. ಈ ವೃತ್ತಿ ಶುರುವಾಗಿದ್ದು 1965ರಲ್ಲಿ ಡ್ಯೂಕ್ ಯೂನಿವರ್ಸಿಟೀಲಿ, ಡಾಕ್ಟರ್ ಯೂಜೀನ್ ಸ್ಟೆಡ್ ಮೊದಲನೇ ಬ್ಯಾಚಿಗೆ ತಗೊಂಡಿದ್ದು ನೇವಿಯ ಮಾಜಿ ಕಾರ್ಪ್ಸ್‌ಮನ್‌ಗಳನ್ನ, ಅಂದ್ರೆ ರೋಗಿ ಪಕ್ಕ ನಿಂತು ಕೈಯಾರೆ ಕೆಲಸ ಮಾಡಿ ಬಂದಿದ್ದೋರನ್ನ. ಇವತ್ತಿಗೂ ಪಿಎ ಅಪ್ಲಿಕೇಶನ್ನಲ್ಲಿ ಪೇಷೆಂಟ್ ಕೇರ್ ಅನುಭವಕ್ಕೆ ಇಷ್ಟು ತೂಕ ಇರೋದು ಆ ಮೂಲದಿಂದಾನೇ.

ಮೊದಲನೇ ಕೆಲಸ, ನಿಮ್ಮ ನಿಜವಾದ ನಂಬರ್ ಎಷ್ಟು ಅಂತ ತಿಳ್ಕೊಳ್ಳಿ. ಕಾಲೇಜ್ ಟ್ರಾನ್ಸ್‌ಕ್ರಿಪ್ಟ್ (ಮಾರ್ಕ್ಸ್ ಪಟ್ಟಿ) ಮೇಲೆ ಇರೋ ಜಿಪಿಎ ಇಲ್ಲಿ ಲೆಕ್ಕಕ್ಕೆ ಬರಲ್ಲ. ಹೆಚ್ಚುಕಮ್ಮಿ ಎಲ್ಲಾ ಸ್ಕೂಲುಗಳೂ ಕ್ಯಾಸ್ಪಾ ಅನ್ನೋ ಒಂದೇ ಪೋರ್ಟಲ್ ಮೂಲಕ ಅಪ್ಲಿಕೇಶನ್ ತಗೊಳ್ತವೆ, ಆ ಕ್ಯಾಸ್ಪಾದವರು ನಿಮ್ಮ ಜಿಪಿಎನ ಹೊಸದಾಗಿ ಲೆಕ್ಕ ಹಾಕ್ತಾರೆ. ನೀವು ಓದಿದ ಪ್ರತಿ ಕಾಲೇಜು, ಹೈಸ್ಕೂಲಲ್ಲಿ ಇದ್ದಾಗ ತಗೊಂಡ ಕಾಲೇಜ್ ಕ್ರೆಡಿಟ್ಟು (ಕೋರ್ಸಿನ ತೂಕ ಅಳೆಯೋ ಅಂಕ), ಬೇಸಿಗೇಲಿ ಯಾವುದೋ ಕಮ್ಯೂನಿಟಿ ಕಾಲೇಜಲ್ಲಿ ಮಾಡಿದ ಒಂದು ಕ್ಲಾಸು, ಎಲ್ಲಾ ಸೇರತ್ತೆ. ನಿಮ್ಮ ಕಾಲೇಜು ಗ್ರೇಡ್ ರಿಪ್ಲೇಸ್ಮೆಂಟ್ ಕೊಟ್ಟಿದ್ರೂ ಕ್ಯಾಸ್ಪಾ ಕೊಡಲ್ಲ, ಹಳೇ ಗ್ರೇಡೂ ಹೊಸ ಗ್ರೇಡೂ ಎರಡೂ ಎಣಿಸ್ತಾರೆ. 4 ಕ್ರೆಡಿಟ್ಟಿನ ಕೆಮಿಸ್ಟ್ರೀಲಿ ಸಿ ಬಂದಿತ್ತು, ಆಮೇಲೆ ಮತ್ತೆ ತಗೊಂಡು ಎ ಮಾಡಿದ್ರಿ ಅಂದ್ಕೊಳ್ಳಿ, ಎ ಅಂದ್ರೆ 4, ಸಿ ಅಂದ್ರೆ 2, ಹಾಗಾಗಿ ಅವರ ಲೆಕ್ಕದಲ್ಲಿ ಅದು 8 ಕ್ರೆಡಿಟ್ಟಿಗೆ 3.0. ಕಾಲೇಜ್ ಶೀಟಲ್ಲಿ 3.1 ಅಂತ ಇದ್ದೋರಿಗೆ ಕ್ಯಾಸ್ಪಾದಲ್ಲಿ 2.9 ಬಂದಾಗ ಆಗೋ ಶಾಕ್ ಇದೇ ಕಾರಣಕ್ಕೆ, ಹಾಗಾಗಿ ಅಪ್ಲೈ ಮಾಡೋಕೆ ಮುಂಚೆ ಒಂದು ಎಕ್ಸೆಲ್ ಶೀಟಲ್ಲಿ ನೀವೇ ಎಲ್ಲಾ ಕೋರ್ಸ್ ಹಾಕಿ ಲೆಕ್ಕ ಮಾಡಿ, ಎ ಮೈನಸ್ ಅಂದ್ರೆ 3.7, ಬಿ ಪ್ಲಸ್ ಅಂದ್ರೆ 3.3, ಹಾಗೆ. ಸೈನ್ಸ್ ಜಿಪಿಎ ಬೇರೆ ತೆಗೀರಿ, ಅದ್ರಲ್ಲಿ ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ ಸೇರಿಸ್ಬೇಡಿ, ಅವೆರಡೂ ಪ್ರಿರೆಕ್ವಿಸಿಟ್ (ಪಿಎ ಸ್ಕೂಲಿಗೆ ಸೇರೋ ಮುಂಚೆ ಮುಗಿಸಿರ್ಬೇಕಾದ ಕೋರ್ಸ್) ಆಗಿದ್ರೂ ಸೈನ್ಸ್ ಲೆಕ್ಕಕ್ಕೆ ಬರಲ್ಲ.

ಈಗ ಎಷ್ಟು ಏರಿಸ್ಬಹುದು ಅನ್ನೋ ಪ್ರಶ್ನೆ. 120 ಕ್ರೆಡಿಟ್ಟಿಗೆ 2.8 ಇರೋರು ಇನ್ನೂ 30 ಕ್ರೆಡಿಟ್ ತಗೊಂಡು ಎಲ್ಲದ್ರಲ್ಲೂ ಎ ತಂದ್ರೆ 3.04 ಆಗತ್ತೆ. 3.2 ಮುಟ್ಬೇಕು ಅಂದ್ರೆ 60 ಕ್ರೆಡಿಟ್ ಬೇಕು, ಅಷ್ಟು ದುಡ್ಡೂ ಟೈಮೂ ಎಲ್ಲರ ಹತ್ರ ಎಲ್ಲಿರತ್ತೆ ಹೇಳಿ. ಅದಕ್ಕೇ ನಾನು ಯಾವಾಗ್ಲೂ ಹೇಳೋದು, ಒಟ್ಟು ಜಿಪಿಎನ 3.0 ಗೆರೆ ದಾಟಿಸಿ, ಯಾಕಂದ್ರೆ ತುಂಬಾ ಸ್ಕೂಲುಗಳ ಕಟ್‌ಆಫ್ ಅಲ್ಲೇ ಇರೋದು, ಅದಕ್ಕಿಂತ ಕೆಳಗಿದ್ರೆ ಯಾರೂ ಓದೋಕೆ ಮುಂಚೇನೇ ಫೈಲ್ ಪಕ್ಕಕ್ಕೆ ಹೋಗ್ಬಹುದು. ಆ ಗೆರೆ ದಾಟಿದ್ಮೇಲೆ ನಿಮ್ಮ ಶಕ್ತಿಯೆಲ್ಲ ಸೈನ್ಸ್ ಜಿಪಿಎಗೂ ಇತ್ತೀಚಿನ ಟ್ರೆಂಡಿಗೂ ಹಾಕಿ. 50 ಸೈನ್ಸ್ ಕ್ರೆಡಿಟ್ಟಿಗೆ 2.7 ಇದ್ದೋರು 20 ಕ್ರೆಡಿಟ್ ಎ ತಂದ್ರೆ 3.07ಕ್ಕೆ ಬರ್ತಾರೆ, ಬೇಸ್ ಚಿಕ್ಕದಿರೋದ್ರಿಂದ ಇದು ಬೇಗ ಏರತ್ತೆ. ಕೆಲವು ಸ್ಕೂಲುಗಳು ಕೊನೇ 60 ಕ್ರೆಡಿಟ್ಟಿನ ಜಿಪಿಎನೇ ನೋಡ್ತವೆ, ಅಂಥವು ನಿಮಗೆ ಬಂಗಾರ.

ಮತ್ತೆ ತಗೊಳ್ಳೋದು ಯಾವುದು ಅಂದ್ರೆ, ಸಿ ಅಥವಾ ಅದಕ್ಕಿಂತ ಕಮ್ಮಿ ಬಂದಿರೋ ಪ್ರಿರೆಕ್ವಿಸಿಟ್‌ಗಳು ಮೊದಲು. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ, ಇವುಗಳಲ್ಲಿ ಸಿ ಬಿಟ್ಕೊಂಡು ಅಪ್ಲೈ ಮಾಡೋದು ನನಗೆ ಇಷ್ಟ ಇಲ್ಲ. ಬಿ ಬಂದಿರೋದನ್ನ ಮತ್ತೆ ಮಾಡೋ ಬದಲು ಮೇಲಿನ ಹಂತದ ಹೊಸ ಕೋರ್ಸ್ ತಗೊಳ್ಳಿ, ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಇಮ್ಯುನಾಲಜಿ, ಪ್ಯಾಥೋಫಿಸಿಯಾಲಜಿ ಥರದ್ದು. ಸಾಧ್ಯ ಆದ್ರೆ ಒಂದು ಸೆಮಿಸ್ಟರಲ್ಲಾದ್ರೂ ಮೂರು ನಾಲ್ಕು ಸೈನ್ಸ್ ಒಟ್ಟಿಗೆ ತಗೊಂಡು ಎ ತನ್ನಿ, ಯಾಕಂದ್ರೆ ಪಿಎ ಸ್ಕೂಲಿನ ಮೊದಲ ವರ್ಷ ಪೂರ್ತಿ ಒಂದರ ಮೇಲೊಂದು ಪರೀಕ್ಷೆ, ಅಡ್ಮಿಶನ್ ಕಮಿಟಿಗೆ ಇರೋ ಭಯ ನೀವು ಆ ಲೋಡ್ ತಡ್ಕೊಳ್ತೀರಾ ಇಲ್ವಾ ಅಂತಾನೇ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ, ಮಾಸ್ಟರ್ಸ್ ಮಾಡಿದ್ರೆ ಅದರ ಗ್ರೇಡು ಗ್ರಾಜುಯೇಟ್ ಜಿಪಿಎ ಅಂತ ಬೇರೆ ಸಾಲಲ್ಲಿ ಬರತ್ತೆ, ನಿಮ್ಮ ಅಂಡರ್‌ಗ್ರಾಡ್ ನಂಬರ್ ಒಂದು ಚೂರೂ ಅಲ್ಲಾಡಲ್ಲ. ಹಾಗಾಗಿ ಸಾವಿರಾರು ಡಾಲರ್ ಹಾಕಿ ಮಾಸ್ಟರ್ಸ್‌ಗೆ ಸೇರೋ ಮುಂಚೆ ನಿಮ್ಮ ಲಿಸ್ಟಲ್ಲಿರೋ ಸ್ಕೂಲುಗಳು ಯಾವ ಜಿಪಿಎ ನೋಡ್ತವೆ ಅಂತ ಕೇಳಿ.

ಅದಕ್ಕೂ ಮುಂಚೆ ಇನ್ನೊಂದು ಮಾತು, ಸ್ವಲ್ಪ ಖಾರ ಅನ್ನಿಸ್ಬಹುದು. ಆವತ್ತು ಮಾರ್ಕ್ಸ್ ಯಾಕೆ ಬಿತ್ತೋ ಆ ಕಾರಣ ಇವತ್ತೂ ಹಾಗೇ ಇದ್ರೆ ರೀಟೇಕ್ ಮಾಡ್ಬೇಡಿ. ವಾರಕ್ಕೆ 40 ಗಂಟೆ ಕೆಲಸ ಮಾಡ್ಕೊಂಡು ಓದಿ ಸಿ ಬಂದಿತ್ತು ಅಂದ್ರೆ, ಮತ್ತೆ 40 ಗಂಟೆ ಕೆಲಸ ಮಾಡ್ಕೊಂಡೇ ಓದಿದ್ರೆ ಏನಾಗತ್ತೆ? ಶಿಫ್ಟ್ ಕಮ್ಮಿ ಮಾಡಿಸ್ಕೊಳ್ಳಿ, ಕ್ಲಾಸ್ ಕಮ್ಮಿ ತಗೊಳ್ಳಿ, ಓದೋ ಕ್ರಮ ಬದಲಾಯಿಸಿ. ಎರಡನೇ ಸಲಾನೂ ಸಿ ಬಂದ್ರೆ ಅದನ್ನ ವಿವರಿಸೋದು ತುಂಬಾ ಕಷ್ಟ.

ಪೇಷೆಂಟ್ ಕೇರ್ ಅನುಭವದ ವಿಷಯಕ್ಕೆ ಬರೋಣ. ಇಎಂಟಿ (ಆಂಬ್ಯುಲೆನ್ಸಲ್ಲಿ ತುರ್ತು ಚಿಕಿತ್ಸೆ ಕೊಡೋರು), ಸಿಎನ್‌ಎ (ನರ್ಸ್ ಕೈಕೆಳಗೆ ರೋಗಿಗಳ ಆರೈಕೆ ಮಾಡೋರು), ಮೆಡಿಕಲ್ ಅಸಿಸ್ಟೆಂಟ್, ಪ್ಯಾರಾಮೆಡಿಕ್, ಫ್ಲೆಬೋಟಮಿಸ್ಟ್ (ಪರೀಕ್ಷೆಗೆ ರಕ್ತ ತೆಗೆಯೋರು), ರೆಸ್ಪಿರೇಟರಿ ಥೆರಪಿಸ್ಟ್, ಇವೆಲ್ಲ ರೋಗಿ ಜೊತೆ ನೇರ ಕೆಲಸ. ಸ್ಕ್ರೈಬ್ ಕೆಲಸನ, ಅಂದ್ರೆ ಡಾಕ್ಟರ್ ಪಕ್ಕ ಇದ್ದು ದಾಖಲೆ ಬರ್ಕೊಳ್ಳೋ ಕೆಲಸನ, ಕೆಲವು ಸ್ಕೂಲು ಪೇಷೆಂಟ್ ಕೇರ್ ಅಂತ ಒಪ್ಪತ್ತೆ, ಕೆಲವು ಬರೀ ಹೆಲ್ತ್‌ಕೇರ್ ಅನುಭವ ಅಂತ ಪಕ್ಕಕ್ಕಿಡತ್ತೆ, ವೆಬ್‌ಸೈಟ್ ನೋಡಿ ಖಚಿತ ಮಾಡ್ಕೊಳ್ಳಿ. 500, 1000 ಗಂಟೆ ಕೇಳೋ ಸ್ಕೂಲುಗಳಿವೆ, ಜಿಪಿಎ ಕಮ್ಮಿ ಇರೋರು ಅಷ್ಟಕ್ಕೆ ನಿಲ್ಲಿಸ್ಬೇಡಿ, 2000 ಮೇಲೆ ಇದ್ರೆ ನಿಮ್ಮ ಫೈಲಲ್ಲಿ ಎದ್ದು ಕಾಣೋ ಒಂದು ಅಂಶ ಆಗತ್ತೆ. ಸಿಎನ್‌ಎ ತರಬೇತಿ ಬೇಗ ಮುಗಿಯತ್ತೆ, ಫೆಡರಲ್ ನಿಯಮದ ಪ್ರಕಾರ ಕನಿಷ್ಠ 75 ಗಂಟೆ, ಎಷ್ಟೋ ರಾಜ್ಯಗಳಲ್ಲಿ ಅದಕ್ಕಿಂತ ಜಾಸ್ತಿ ಕೇಳ್ತಾರೆ. ಕೆಲಸ ಭಾರ, ಸಂಬಳ ಕಮ್ಮಿ, ಆದ್ರೆ ಕಾಯಿಲೆ ಮನುಷ್ಯನ ಹತ್ರ ಕೂತು ಊಟ ಮಾಡಿಸಿ, ಹೊರಳಿಸಿ, ಬಾತ್‌ರೂಮಿಗೆ ಕರ್ಕೊಂಡು ಹೋಗಿ ಬಂದೋರಿಗೆ ಇಂಟರ್‌ವ್ಯೂನಲ್ಲಿ ಮಾತಿಗೆ ಬರ ಇರಲ್ಲ.

ಆ ಅನುಭವನ ಕ್ಯಾಸ್ಪಾದಲ್ಲಿ ಬರೆಯೋದ್ರಲ್ಲಿ ಎಲ್ಲರೂ ಎಡವ್ತಾರೆ. "ರೋಗಿಗಳ ವೈಟಲ್ಸ್ ತಗೊಂಡೆ, ನರ್ಸ್‌ಗಳಿಗೆ ಸಹಾಯ ಮಾಡಿದೆ" ಅಂತ ಬರೆದ್ರೆ ಓದೋರಿಗೆ ಏನೂ ಕಾಣಲ್ಲ, ಸಾವಿರ ಜನ ಅದನ್ನೇ ಬರ್ದಿರ್ತಾರೆ. ಅದರ ಬದಲು "ಒಂದು ಶಿಫ್ಟಿಗೆ ಹತ್ತು ಹನ್ನೆರಡು ರೋಗಿಗಳ ಬಿಪಿ, ಪಲ್ಸ್, ಆಕ್ಸಿಜನ್ ನೋಡಿ ಚಾರ್ಟ್ ಮಾಡೋದು ನನ್ನ ಜವಾಬ್ದಾರಿ, ಸರ್ಜರಿ ಆದ ರೋಗಿಯೊಬ್ಬರ ಪಲ್ಸ್ ಬೆಳಿಗ್ಗೆಯಿಂದ ಏರ್ತಾ ಇದೆ, ಬಿಪಿ ಇಳೀತಾ ಇದೆ ಅಂತ ಗಮನಿಸಿ ತಕ್ಷಣ ನರ್ಸ್‌ಗೆ ತಿಳಿಸಿದೆ" ಅಂತ ಬರೀರಿ, ನಿಜವಾಗಿ ಆಗಿದ್ರೆ ಮಾತ್ರ. ಇದ್ರಲ್ಲಿ ನೀವು ಎಷ್ಟು ನೋಡ್ತೀರಿ, ಏನು ಅರ್ಥ ಮಾಡ್ಕೊಳ್ತೀರಿ, ನಿಮ್ಮ ಮಿತಿ ಎಲ್ಲಿ ಅಂತ ಗೊತ್ತಿದೆ, ಮೂರೂ ಬಂತು. ರೋಗಿಯ ಹೆಸರು, ಗುರುತು ಮಾತ್ರ ಎಲ್ಲೂ ಬರೀಬೇಡಿ. ಗಂಟೆಗಳನ್ನೂ ಉಬ್ಬಿಸ್ಬೇಡಿ, ನಿಮ್ಮ ಸೂಪರ್‌ವೈಸರ್‌ಗೆ ಫೋನ್ ಮಾಡಿ ಕೇಳೋ ಹಕ್ಕು ಸ್ಕೂಲಿನವರಿಗಿದೆ. ಜೊತೆಗೆ ಒಬ್ಬಿಬ್ಬರು ಪಿಎಗಳ ಹಿಂದೆ ಓಡಾಡಿ ಶ್ಯಾಡೋಯಿಂಗ್ ಮಾಡಿ, ಡಾಕ್ಟರ್ ಆಗದೆ ಪಿಎ ಯಾಕೆ ಅನ್ನೋ ಪ್ರಶ್ನೆಗೆ ಅಲ್ಲಿ ಕಂಡಿದ್ದೇ ಉತ್ತರ ಆಗತ್ತೆ.

ಸ್ಕೂಲ್ ಆರಿಸೋದ್ರಲ್ಲೇ ಅರ್ಧ ಗೆಲುವು ಇರೋದು ಅಂತ ನಾನು ಬಲವಾಗಿ ನಂಬ್ತೀನಿ. ಅಮೆರಿಕದಲ್ಲಿ 300ಕ್ಕೂ ಜಾಸ್ತಿ ಅಕ್ರೆಡಿಟೆಡ್ (ಮಾನ್ಯತೆ ಇರೋ) ಪ್ರೋಗ್ರಾಂಗಳಿವೆ, ಒಂದೊಂದರ ನಿಯಮ ಒಂದೊಂದು ಥರ. ಹೆಸರು ಕೇಳಿ ಮೂವತ್ತು ಸ್ಕೂಲಿಗೆ ಹಾಕೋ ಬದಲು ಕೂತು ಒಂದು ಶೀಟ್ ಮಾಡಿ, ಕನಿಷ್ಠ ಜಿಪಿಎ ಎಷ್ಟು, ಕಳೆದ ಬ್ಯಾಚಿನ ಸರಾಸರಿ ಎಷ್ಟು, ಯಾವ ಜಿಪಿಎ ನೋಡ್ತಾರೆ, ಪೇಷೆಂಟ್ ಕೇರ್ ಗಂಟೆ ಎಷ್ಟು, ಹಳೇ ಕೋರ್ಸ್‌ಗಳಿಗೆ ಐದು ವರ್ಷ ಏಳು ವರ್ಷ ಅಂತ ಗಡುವು ಇದ್ಯಾ, ಜಿಆರ್‌ಇ ಅಥವಾ ಕ್ಯಾಸ್ಪರ್ (ಕ್ಯಾಸ್ಪಾ ಪೋರ್ಟಲ್ ಅಲ್ಲ, ಸನ್ನಿವೇಶ ಕೊಟ್ಟು ನೀವೇನು ಮಾಡ್ತೀರಿ ಅಂತ ಕೇಳೋದು) ಪರೀಕ್ಷೆ ಬೇಕಾ, ಆ ರಾಜ್ಯದವರಿಗೆ ಆದ್ಯತೆ ಇದ್ಯಾ. ಕನಿಷ್ಠ 2.75 ಅಂತ ಬರೆದಿದ್ದು ನೋಡಿ ಖುಷಿ ಪಟ್ಬಿಡ್ಬೇಡಿ, ಸೇರಿದೋರ ಸರಾಸರಿ 3.6 ಇದ್ರೆ ಆ ಕನಿಷ್ಠ ಹೆಸರಿಗಷ್ಟೇ. ಅಮೆರಿಕದ ಹೊರಗೆ ಡಿಗ್ರಿ ಮಾಡಿದೋರು ಇನ್ನೊಂದು ಕಾಲಂ ಹಾಕ್ಕೊಳ್ಳಿ, ಪ್ರಿರೆಕ್ವಿಸಿಟ್‌ಗಳನ್ನ ಅಮೆರಿಕದ ಕಾಲೇಜಲ್ಲೇ ಮಾಡಿರ್ಬೇಕು ಅನ್ನೋ ಸ್ಕೂಲು ಬಹಳ, ಟ್ರಾನ್ಸ್‌ಕ್ರಿಪ್ಟ್ ಇವ್ಯಾಲ್ಯುಯೇಶನ್ ಬೇಕಾಗತ್ತೆ, ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರೋರಿಗೆ ಮಾತ್ರ ಅನ್ನೋವೂ ಇವೆ.

ಇನ್ನೊಂದು ಕಡೆಯಿಂದಾನೂ ನೋಡಿ. ಎಲ್ಲಾ ಪ್ರೋಗ್ರಾಂಗಳೂ ತಮ್ಮ ವಿದ್ಯಾರ್ಥಿಗಳ ಪ್ಯಾನ್ಸ್ ಪರೀಕ್ಷೆಯ (ಪಿಎ ಲೈಸೆನ್ಸಿಗೆ ಪಾಸಾಗ್ಲೇಬೇಕಾದ ಪರೀಕ್ಷೆ) ಪಾಸ್ ರೇಟು, ಎಷ್ಟು ಜನ ಮಧ್ಯದಲ್ಲಿ ಬಿಟ್ರು ಅನ್ನೋದು, ವೆಬ್‌ಸೈಟಲ್ಲಿ ಹಾಕ್ಲೇಬೇಕು, ಅಕ್ರೆಡಿಟೇಶನ್ ಕೊಡೋ ಎಆರ್‌ಸಿ-ಪಿಎ ನಿಯಮ ಅದು. ಓದಿನಲ್ಲಿ ಕಷ್ಟ ಪಟ್ಟಿರೋ ನಮ್ಮಂಥೋರಿಗೆ ಇದು ಮುಖ್ಯ ಕಣ್ರೀ, ಸೀಟು ಸುಲಭವಾಗಿ ಕೊಟ್ಟು ಆಮೇಲೆ ಕೈ ಬಿಡೋ ಜಾಗಕ್ಕೆ ಲಕ್ಷ ಡಾಲರ್ ಸಾಲ ಮಾಡಿ ಹೋಗೋದು ಬೇಡ. ಹೊಸ ಪ್ರೋಗ್ರಾಂಗೆ ಪ್ರೊವಿಶನಲ್ (ತಾತ್ಕಾಲಿಕ ಮಾನ್ಯತೆ) ಅಂತ ಇದ್ರೆ ಹೆದರ್ಬೇಕಾಗಿಲ್ಲ, ಪ್ರೊಬೇಶನ್ (ಲೋಪ ಕಂಡು ಎಚ್ಚರಿಕೆ ಕೊಟ್ಟಿರೋದು) ಅಂತ ಇದ್ರೆ ಯಾಕೆ ಅಂತ ಪೂರ್ತಿ ಓದಿ ಆಮೇಲೆ ತೀರ್ಮಾನ ಮಾಡಿ.

ರೆಕಮೆಂಡೇಶನ್ ಲೆಟರ್ ಸಾಮಾನ್ಯವಾಗಿ ಮೂರು ಕೇಳ್ತಾರೆ. ಅದ್ರಲ್ಲಿ ಒಂದು ನೀವು ಇತ್ತೀಚೆಗೆ ಎ ತಗೊಂಡ ಸೈನ್ಸ್ ಕ್ಲಾಸಿನ ಪ್ರೊಫೆಸರ್‌ದಾಗಿರ್ಲಿ, ಟ್ರಾನ್ಸ್‌ಕ್ರಿಪ್ಟ್ ಹೇಳೋಕಾಗದ್ದನ್ನ ಅವರು ಹೇಳ್ತಾರೆ. ಇನ್ನೊಂದು ನಿಮ್ಮ ಕೆಲಸ ದಿನಾ ನೋಡಿದ ಪಿಎ, ಡಾಕ್ಟರ್ ಅಥವಾ ಸೂಪರ್‌ವೈಸರ್. ದೊಡ್ಡ ಹುದ್ದೆ ಇದೆ ಅಂತ ನಿಮ್ಮನ್ನ ಸರಿಯಾಗಿ ಗೊತ್ತಿಲ್ದೋರ ಹತ್ರ ಬರೆಸ್ಬೇಡಿ.

ಪರ್ಸನಲ್ ಸ್ಟೇಟ್ಮೆಂಟ್ 5000 ಅಕ್ಷರ, ಸ್ಪೇಸ್ ಸೇರಿ. ವಿಷಯ ಪಿಎ ಯಾಕೆ ಅನ್ನೋದು, ಜಿಪಿಎ ಕಥೆಗೆ ಅದ್ರಲ್ಲಿ ಮೂರು ನಾಲ್ಕು ವಾಕ್ಯ ಸಾಕು. ಏನಾಯ್ತು, ಏನು ಬದಲಾಯಿಸಿದ್ರಿ, ಈಗ ಏನು ಸಾಕ್ಷಿ, ಅಷ್ಟೇ. ಹೀಗೆ: "ಮೊದಲ ಎರಡು ವರ್ಷ ಮನೆ ಖರ್ಚಿಗೆ ರಾತ್ರಿ ಶಿಫ್ಟ್ ಮಾಡ್ತಿದ್ದೆ, ಓದೋಕೆ ಟೈಮ್ ಹೊಂದಿಸೋದು ಕಲಿತಿರ್ಲಿಲ್ಲ. ಡಿಗ್ರಿ ಆದ್ಮೇಲೆ ಕೆಲಸದ ಗಂಟೆ ಕಮ್ಮಿ ಮಾಡ್ಕೊಂಡು ಕಾಲೇಜಿಗೆ ವಾಪಸ್ ಹೋದೆ. ಅಲ್ಲಿಂದ ತಗೊಂಡ 28 ಸೈನ್ಸ್ ಕ್ರೆಡಿಟ್ಟಲ್ಲಿ ನನ್ನ ಜಿಪಿಎ 3.9." ಆ ಪ್ರೊಫೆಸರ್ ಸರಿಯಿಲ್ಲ, ಈ ಕಾಲೇಜು ಕಷ್ಟ ಅಂತ ಒಂದು ಪದಾನೂ ಬೇಡ. ಮನೇಲಿ ಸಾವು, ಕಾಯಿಲೆ ಇಂಥದ್ದೇನಾದ್ರೂ ಕಾರಣ ಇದ್ರೆ ಹೇಳ್ಕೊಳ್ಳೋಕೆ ಸಂಕೋಚ ಪಡ್ಬೇಡಿ, ಆದ್ರೆ ಅಲ್ಲೇ ನಿಲ್ಲಿಸದೆ ಈಗಿನ ಗ್ರೇಡಿಗೆ ಬನ್ನಿ.

ಟೈಮಿಂಗ್ ಬಗ್ಗೆ. ಕ್ಯಾಸ್ಪಾ ಪ್ರತಿ ವರ್ಷ ಏಪ್ರಿಲ್ ಕೊನೇಲಿ ಓಪನ್ ಆಗತ್ತೆ, ತುಂಬಾ ಸ್ಕೂಲುಗಳು ರೋಲಿಂಗ್ ಅಡ್ಮಿಶನ್, ಅಂದ್ರೆ ಬಂದ ಹಾಗೆ ನೋಡಿ ಇಂಟರ್‌ವ್ಯೂಗೆ ಕರೀತಾರೆ, ಕೊನೇ ದಿನ ಹಾಕೋರಿಗೆ ಉಳಿದಿರೋ ಸೀಟೇ ಕಮ್ಮಿ. ಸಬ್ಮಿಟ್ ಮಾಡಿದ್ಮೇಲೂ ಟ್ರಾನ್ಸ್‌ಕ್ರಿಪ್ಟ್ ಬಂದು ವೆರಿಫೈ ಆಗೋಕೆ ವಾರಗಳು ಹಿಡೀತವೆ. ಕೆಲವು ಸ್ಕೂಲಿಗೆ ಡೆಡ್‌ಲೈನ್ ಅಂದ್ರೆ ಸಬ್ಮಿಟ್ ಆಗಿದ್ರೆ ಸಾಕು, ಕೆಲವಕ್ಕೆ ಆ ದಿನಕ್ಕೆ ವೆರಿಫೈನೂ ಆಗಿರ್ಬೇಕು, ಇದನ್ನ ನೋಡ್ಕೊಳ್ದೆ ಒಂದು ವರ್ಷ ಕಳ್ಕೊಂಡೋರಿದ್ದಾರೆ. ಹಾಗಂತ ಬೇಗ ಹಾಕ್ಬೇಕು ಅನ್ನೋ ಆತುರದಲ್ಲಿ ನಿಮ್ಮ ಒಳ್ಳೇ ಸೆಮಿಸ್ಟರಿನ ಗ್ರೇಡ್ ಬರೋ ಮುಂಚೆ ಕಳಿಸ್ಬೇಡಿ. ಜಿಪಿಎ ಕಮ್ಮಿ ಇರೋರಿಗೆ ಆ ಗ್ರೇಡೇ ಆಸ್ತಿ, ಮೇ ತಿಂಗಳಲ್ಲಿ ಬರೋದಿದ್ರೆ ಕಾದು ಜೂನ್‌ನಲ್ಲಿ ಹಾಕಿ.

ಇಂಟರ್‌ವ್ಯೂ ಕರೆ ಬಂತು ಅಂದ್ರೆ ನಿಮ್ಮ ನಂಬರ್ ನೋಡಿಯೇ ಕರೆದಿದ್ದಾರೆ, ಅಲ್ಲಿ ಹೋಗಿ ಕ್ಷಮೆ ಕೇಳೋ ಥರ ಮಾತಾಡ್ಬೇಡಿ. ಕೇಳಿದ್ರೆ ಸ್ಟೇಟ್ಮೆಂಟಲ್ಲಿ ಬರೆದಿದ್ದನ್ನೇ ಅರ್ಧ ನಿಮಿಷದಲ್ಲಿ ಹೇಳಿ, ಮುಂದಿನ ಪ್ರಶ್ನೆಗೆ ಹೋಗಿ.

ಈ ಸಲ ಎಲ್ಲೂ ಆಗ್ಲಿಲ್ಲ ಅಂದ್ರೆ ಪ್ರತಿ ಸ್ಕೂಲಿಗೂ ಮರ್ಯಾದೆಯಾಗಿ ಒಂದು ಇಮೇಲ್ ಹಾಕಿ, ನನ್ನ ಅಪ್ಲಿಕೇಶನ್ನಲ್ಲಿ ಎಲ್ಲಿ ಬಲ ಸಾಲದು ಅಂತ ಕೇಳಿ. ಎಲ್ಲರೂ ಉತ್ತರ ಕೊಡಲ್ಲ, ಕೊಡೋ ಒಂದಿಬ್ಬರ ಮಾತು ತುಂಬಾ ಉಪಯೋಗ. ಮುಂದಿನ ಸಲ ಹಾಕುವಾಗ ಹೋದ ವರ್ಷದ ಕೋರ್ಸ್, ಅನುಭವದ ವಿವರಗಳನ್ನ ಹೊಸ ಅಪ್ಲಿಕೇಶನ್ನಿಗೆ ತಂದ್ಕೋಬಹುದು, ಲೆಟರ್‌ಗಳನ್ನ ಮಾತ್ರ ಮತ್ತೆ ಹೊಸದಾಗಿ ಕೇಳ್ಬೇಕು, ಹಾಗಾಗಿ ಬರೆದುಕೊಟ್ಟೋರ ಜೊತೆ ಸಂಪರ್ಕ ಬಿಡ್ಬೇಡಿ, ಫೆಬ್ರವರಿ ಮಾರ್ಚ್ ಹೊತ್ತಿಗೇ ಅವರಿಗೆ ಒಂದು ಮಾತು ಹೇಳಿಟ್ಟಿರಿ. ಸ್ಟೇಟ್ಮೆಂಟ್ ಹಳೇದನ್ನೇ ಹಾಕ್ಬೇಡಿ, ಮತ್ತೆ ಅಪ್ಲೈ ಮಾಡ್ತಿರೋರಿಗೆ ಹೋದ ಸಲಕ್ಕಿಂತ ಈಗ ಏನು ಬದಲಾಗಿದೆ ಅಂತ ಎಷ್ಟೋ ಸ್ಕೂಲು ನೇರವಾಗೇ ಕೇಳ್ತವೆ, ಆ ಪ್ರಶ್ನೆಗೆ ಕನಿಷ್ಠ ಒಂದು ಹೊಸ ಸೈನ್ಸ್ ಗ್ರೇಡೂ ಒಂದಷ್ಟು ಹೊಸ ಗಂಟೆಗಳೂ ನಿಮ್ಮ ಕೈಯಲ್ಲಿ ಇರ್ಬೇಕು.