ಕಿರುಬೆರಳಿಗೆ ಬಾರದ ‘ತ’

ಆರನೇ ತರಗತಿಗೆ ಗಣಿತ ಹೇಳುವ ನನಗೆ ವರ್ಷವರ್ಷವೂ ಒಂದೇ ತಪ್ಪು ಎದುರಾಗುತ್ತಿತ್ತು. 12 ಮತ್ತು 18ರ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ, ಎರಡರ ಮಗ್ಗಿಯಲ್ಲೂ ಬರುವ ಅತಿ ಚಿಕ್ಕ ಸಂಖ್ಯೆ) ಎಷ್ಟು ಅಂದರೆ ಮಕ್ಕಳು 6 ಅನ್ನುವರು, ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಕೇಳಿದರೆ 36. ಲೆಕ್ಕ ಸರಿ, ಹೆಸರು ಅದಲುಬದಲು. ಅವರ ತರ್ಕವನ್ನೂ ತೆಗೆದುಹಾಕುವಂತಿಲ್ಲ. ಲಘುತ್ತಮ ಅಂದರೆ ತೀರಾ ಚಿಕ್ಕದು, ಅದಕ್ಕೆ ಚಿಕ್ಕ ಉತ್ತರ; ಮಹತ್ತಮಕ್ಕೆ ದೊಡ್ಡದು. ಸಾಲದ್ದಕ್ಕೆ ಅಪವರ್ತನ, ಅಪವರ್ತ್ಯ ಎಂದು ಬಾಲವಷ್ಟೇ ಬೇರೆಯಾದ ಎರಡು ಪದ, ಗಿಡ್ಡ ಮಾಡಿದರೆ ಎರಡಕ್ಕೂ ಅದೇ ‘ಅ’. ಈ ಹೆಸರಿಟ್ಟವರು ಹತ್ತು ವರ್ಷದ ಮಕ್ಕಳ ಎದುರು ನಿಂತವರಲ್ಲ ಎಂಬುದು ನನ್ನ ಗುಮಾನಿ.

ವ್ಯಾಖ್ಯೆ ಉರುಹೊಡೆಸಿದೆ. ಪರೀಕ್ಷೆ ಮುಗಿಯುವ ತನಕ ನಿಂತಿತು, ಅಷ್ಟೇ.

ಚಿಕ್ಕಂದಿನಲ್ಲಿ ಒಂದಿಷ್ಟು ಮೃದಂಗ ಕಲಿತಿದ್ದೆ. ಒಂದು ಮಧ್ಯಾಹ್ನ ಪುಸ್ತಕ ಮುಚ್ಚಿಸಿ ಆದಿತಾಳ ಹಾಕಿಸಿದೆ: ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಪೆಟ್ಟು-ಹುಸಿ (ಅಂಗೈ ಮೇಲಾಗಿ ತಿರುಗಿಸುವುದು), ಪೆಟ್ಟು-ಹುಸಿ. ಒಟ್ಟು ಎಂಟು, ಇದೊಂದು ಆವರ್ತ. ಕೈ ಎಂಟು ಎಣಿಸುತ್ತಿರಲಿ, ಬಾಯಿ ‘ತಕಿಟ ತಕಿಟ’ ಅನ್ನಲಿ, ಎಣಿಕೆಗೊಂದು ಅಕ್ಷರ. ಮೊದಲ ‘ತ’ ಮತ್ತೆ ಮೊದಲ ಪೆಟ್ಟಿಗೇ ಬೀಳುವುದು ಯಾವಾಗ? ಮೂರು ಆವರ್ತ ಮುಗಿದ ಮೇಲೆ, ಅಂದರೆ 24 ಎಣಿಕೆಗೆ. ‘ತಕತಕಿಟ’ ಹೇಳಿದರೆ ಐದು ಆವರ್ತ, 40. ಎರಡೂ ಮಗ್ಗಿಗಳು ಮೊದಲ ಸಲ ಕೂಡುವ ಜಾಗ ಅದು, ಅಂದರೆ ಲ.ಸಾ.ಅ. ಇನ್ನೂ ಮುಂದೆ ಹೋದರೆ ಮತ್ತೆ ಮತ್ತೆ ಕೂಡುತ್ತಲೇ ಇರುತ್ತವೆ, ಕೊನೆಯಿಲ್ಲ. ಅದಕ್ಕೇ ಅಪವರ್ತ್ಯಗಳಲ್ಲಿ ‘ಅತಿ ದೊಡ್ಡದು’ ಕೇಳಲಾಗದು, ಚಿಕ್ಕದನ್ನೇ ಕೇಳಬೇಕು. ಅಪವರ್ತನಗಳದ್ದು ಉಲ್ಟಾ: ಅತಿ ಚಿಕ್ಕದು ಯಾವಾಗಲೂ 1, ಕೇಳಿ ಪ್ರಯೋಜನವೇನು?

ಮುಂದಿನದು ‘ತಕ ತಕಧಿಮಿ’, ಆರು ಅಕ್ಷರ. ‘ಆರೆಂಟ್ಲಿ ನಲವತ್ತೆಂಟು’ ಎಂದು ತರಗತಿಯೇ ಕೂಗಿತು. ಆದರೆ 24ಕ್ಕೇ ಕೂಡಿಬಿಟ್ಟಿತು! ಎಲ್ಲೋ ತಪ್ಪಿದೆವೆಂದು ಮಕ್ಕಳು ಎರಡು ಸಲ ಮತ್ತೆ ಹಾಕಿದರು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸಾರ್, ಆರರ ಮೊದಲ ‘ತ’ ಕಿರುಬೆರಳಿಗೆ ಬರೋದೇ ಇಲ್ಲ, ಹುಸಿಗೂ ಇಲ್ಲ” ಅಂದಳು. ನಾನು ಇದನ್ನು ಯೋಚಿಸಿರಲೇ ಇಲ್ಲ. ಬೋರ್ಡಿನ ಮೇಲೆ ಬರೆದೆವು: ‘ತ’ ಬೀಳುವುದು 1, 7, 5, 3 ಎಣಿಕೆಗಳಿಗೆ, ಮತ್ತೆ 1. ಬರೀ ಬೆಸ. ‘ತಕಿಟ’ವಾದರೋ ಎಂಟೂ ಜಾಗ ಮುಟ್ಟಿಯೇ ಮನೆಗೆ ಬರುತ್ತಿತ್ತು. ಆರಕ್ಕೂ ಎಂಟಕ್ಕೂ 2 ಸಾಮಾನ್ಯ; ಹಾಗಾಗಿ ಎರಡೆರಡು ಹೆಜ್ಜೆಗೊಂದು ಜಾಗ ಮಾತ್ರ ಸಿಗುತ್ತದೆ, ಅರ್ಧ ದಾರಿಗೇ ಕೆಲಸ ಮುಗಿಯುತ್ತದೆ. ಆ 2 ಎಂಬುದೇ ಮ.ಸಾ.ಅ.; ಗುಣಲಬ್ಧ 48ನ್ನು 2ರಿಂದ ಭಾಗಿಸಿದರೆ 24. 12 ಮತ್ತು 18ಕ್ಕೂ ಇದೇ: ಗುಣಲಬ್ಧ 216, ಅದನ್ನು 6ರಿಂದ ಭಾಗಿಸಿದರೆ 36.

ದೊಡ್ಡ ಸಂಖ್ಯೆಗಳಿಗೆ ತಾಳ ಒಗ್ಗದು, ಅಲ್ಲಿ ಅವಿಭಾಜ್ಯಗಳಾಗಿ ಒಡೆಯುವುದೇ ಸರಿ. ಕಿರುಪರೀಕ್ಷೆಯಲ್ಲಿ ಹೆಸರು ಅದಲುಬದಲು ಮಾಡಿದವರು ಆಮೇಲೂ ಇದ್ದರು, ಕಡಿಮೆ. ಇಬ್ಬರು ಡೆಸ್ಕಿನ ಕೆಳಗೆ ಬೆರಳು ಎಣಿಸುತ್ತಿದ್ದರು. ನಕಲು ಅಂತ ಹಿಡಿಯಲು ಹೊರಟ ಮೇಲ್ವಿಚಾರಕರನ್ನು ನಾನೇ ತಡೆಯಬೇಕಾಯಿತು.