ಮನೆಯಲ್ಲೇ ಕಟ್ಟಿದ ರೆಫ್ಯೂಜಿಯಂ ಸಂಪ್: ನೈಟ್ರೇಟ್ ಕೊನೆಗೂ ಇಳಿಯಿತು

ಟ್ಯಾಂಕ್‌ನ ಕೆಳಗಿಟ್ಟು ನೀರು ಶುದ್ಧ ಮಾಡುವ ಪೆಟ್ಟಿಗೆಯೇ ಸಂಪ್. ನನ್ನದರಲ್ಲಿ ಎಡಕ್ಕೆ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ), ಬಲಕ್ಕೆ ರೆಫ್ಯೂಜಿಯಂ (ಪಾಚಿ ಬೆಳೆಸುವ ಖಾನೆ), ನಡುವೆ ನೀರನ್ನು ಮೇಲಿನ ಟ್ಯಾಂಕ್‌ಗೆ ತಳ್ಳುವ ರಿಟರ್ನ್ ಪಂಪ್. ಮೇಲಿಂದ ಇಳಿಯುವ ನೀರು ಎರಡು ಪಾಲಾಗಿ ಎರಡೂ ಕಡೆ ಹೋಗಿ ನಡುವೆ ಸೇರುತ್ತದೆ. ಈ ಲೇಔಟ್ ತೋರಿಸಿದಾಗ ಉಪ್ಪುನೀರಿನ ಟ್ಯಾಂಕ್ ಇಟ್ಟಿರುವ ಗೆಳೆಯರು ಯಾರೂ ಒಪ್ಪಲಿಲ್ಲ. "ನೀರು ಸಾಲಾಗಿ ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗಬೇಕು, ಇಲ್ಲಿ ಒಂದು ಪಾಲು ಸ್ಕಿಮ್ಮರ್ ಮುಟ್ಟದೇ ಮೇಲೆ ಹೋಗುತ್ತೆ" ಅಂದರು. "ಇಷ್ಟು ಚಿಕ್ಕ ಜಾಗದಲ್ಲಿ ಕೀಟೊ ಬೆಳೆಸಿ ಏನು ಸಾಧಿಸ್ತೀಯ?" ಎಂದು ಕೇಳಿದವರೂ ಇದ್ದರು. ಕೀಟೊ ಅಂದರೆ ನೈಟ್ರೇಟ್ ಹೀರಿ ಬೆಳೆಯುವ ಹಸಿರು ಪಾಚಿ. ಆಗ ನೈಟ್ರೇಟ್ (ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಸೇರುವ ಕೊಳೆ) 40 ಪಿಪಿಎಂ ಮೇಲಿತ್ತು. ಈಗ 5ರಿಂದ 8ರ ನಡುವೆ ನಿಂತಿದೆ, ಅದೂ ನೀರು ಬದಲಿಸುವುದನ್ನು ಅರ್ಧಕ್ಕೆ ಇಳಿಸಿದ ಮೇಲೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಾಲು ಜೋಡಣೆಯಲ್ಲಿ ತೊಂದರೆ ಏನು ಅಂದರೆ, ಪಂಪ್ ತಳ್ಳುವಷ್ಟೂ ನೀರು ರೆಫ್ಯೂಜಿಯಂ ಮೂಲಕವೇ ಹಾದು ಹೋಗಬೇಕು. ನನ್ನ ಹಳೆಯ ಸಂಪ್‌ನಲ್ಲಿ ಗಂಟೆಗೆ ಸುಮಾರು 2,000 ಲೀಟರ್ ಹೀಗೆ ಹಾಯುತ್ತಿತ್ತು. ಕೀಟೊ ಕೊನೆಯ ಬ್ಯಾಫಲ್‌ಗೆ (ಖಾನೆಗಳ ನಡುವಿನ ಅಡ್ಡಗೋಡೆ) ಒತ್ತಿಕೊಂಡು ಗಟ್ಟಿ ಮುದ್ದೆಯಾಗುತ್ತಿತ್ತು. ಹೊರಗೆ ಹಸಿರು, ಒಳಗೆ ಕೊಳೆ. ತುಂಡುಗಳು ಪಂಪ್‌ಗೆ ಸಿಕ್ಕಿಕೊಳ್ಳುತ್ತಿದ್ದವು. ಬೇರೆ ಲೈನ್‌ನಲ್ಲಿ ನೀರು ಕೊಟ್ಟರೆ ಎಷ್ಟು ಬೇಕೋ ಅಷ್ಟೇ ಬಿಡಬಹುದು. ಸ್ಕಿಮ್ಮರ್‌ಗೆ ಹೋಗದ ಆ ಕೊಳಕು ನೀರೇ ಕೀಟೊಗೆ ಊಟ.

ಮೇಲಿನ ಟ್ಯಾಂಕ್ 300 ಲೀಟರ್ ಆಸುಪಾಸು. ಸಂಪ್ 90×45 ಸೆಂ.ಮೀ., ಎತ್ತರ 40. ಸ್ಕಿಮ್ಮರ್‌ಗೆ 30 ಸೆಂ.ಮೀ., ರಿಟರ್ನ್‌ಗೆ 20, ಉಳಿದದ್ದೆಲ್ಲ ರೆಫ್ಯೂಜಿಯಂಗೆ. ಸ್ಕಿಮ್ಮರ್ ಕಡೆಯ ಗೋಡೆ 24 ಸೆಂ.ಮೀ., ರೆಫ್ಯೂಜಿಯಂ ಗೋಡೆ 30. ಈ ಎತ್ತರಗಳನ್ನು ಸುಮ್ನೆ ಹಾಕಲಿಲ್ಲ. ಕರೆಂಟ್ ಹೋದಾಗ ಎಷ್ಟು ನೀರು ಕೆಳಗೆ ಬರುತ್ತದೆ ಅನ್ನುವುದರಿಂದಲೇ ಲೆಕ್ಕ ಶುರು ಮಾಡಿದೆ. ಹಳೆಯ ಸಂಪ್ ಇದ್ದಾಗಲೇ ಪಂಪ್ ಆಫ್ ಮಾಡಿ, ಇಳಿದದ್ದನ್ನು ಬಕೆಟ್‌ನಲ್ಲಿ ಅಳೆದಿದ್ದೆ. ಪೈಪ್‌ನಲ್ಲಿ ಉಳಿದದ್ದೂ ಸೇರಿ 18 ಲೀಟರ್ ಬಂತು. ಅದು ಮೊದಲು ರಿಟರ್ನ್ ಖಾನೆ ತುಂಬುತ್ತದೆ, ಆಮೇಲೆ ಸ್ಕಿಮ್ಮರ್ ಖಾನೆಯ ಜೊತೆ ಒಂದಾಗಿ 30 ಸೆಂ.ಮೀ. ಹತ್ತಿರ ನಿಲ್ಲುತ್ತದೆ. ರೆಫ್ಯೂಜಿಯಂನ ನೀರು ಕಲಕುವುದೇ ಇಲ್ಲ. ಇಷ್ಟಾದರೂ ರಿಟರ್ನ್ ಪೈಪ್‌ಗೆ ಮೇಲಿನ ಟ್ಯಾಂಕ್‌ನ ನೀರಿನ ಮಟ್ಟದ ಸ್ವಲ್ಪ ಕೆಳಗೆ ಸೈಫನ್ (ಪಂಪ್ ನಿಂತಾಗ ನೀರು ತಾನೇ ಎಳೆದುಕೊಂಡು ಹಿಂದೆ ಇಳಿಯುವುದು) ಮುರಿಯುವ ತೂತು ಇರಲೇಬೇಕು. ಅದಕ್ಕೆ ಪಾಚಿ, ಬಸವನಹುಳು ಕೂರುತ್ತವೆ, ಹಾಗಾಗಿ ನಾನು ಎರಡು ಕೊರೆದೆ.

ದುಡ್ಡಿನ ವಿಷಯಕ್ಕೆ ಬರೋಣ. ಗಾಜು, ಸಿಲಿಕೋನ್ ಎರಡೂ ಸೇರಿ ರೆಡಿಮೇಡ್ ಸಂಪ್‌ನ ಬೆಲೆಯ ಮೂರನೇ ಒಂದು ಭಾಗವೂ ಆಗಲಿಲ್ಲ. ಆದರೆ ವಾಲ್ವ್, ಯೂನಿಯನ್, ಟೀ, ಎಲ್ಬೋ ಅಂತ ಪೈಪಿನ ಬಿಡಿಭಾಗ ಎಲ್ಲ ಕೂಡಿಸಿದರೆ ಗಾಜಿನಷ್ಟೇ ಆಯಿತು. ಮೊದಲ ಸಲ ಅಗ್ಗ ಅಂತ ಬ್ಯಾಫಲ್‌ಗಳಿಗೆ ಅಕ್ರಿಲಿಕ್ ಹಾಕಿದ್ದೆ, ಎಷ್ಟೋ ಜನ ಹಾಗೇ ಮಾಡುತ್ತಾರೆ. ಕೆಲವು ತಿಂಗಳಲ್ಲಿ ನೀರು ಹೀರಿ ಬಾಗಿತು. ಸಿಲಿಕೋನ್ ಅಕ್ರಿಲಿಕ್‌ಗೆ ಗಟ್ಟಿಯಾಗಿ ಹಿಡಿಯುವುದಿಲ್ಲ, ಅಂಚು ಬಿಟ್ಟುಕೊಂಡಿತು. ಎಲ್ಲ ಕಿತ್ತು, ಬ್ಲೇಡ್‌ನಲ್ಲಿ ಕೆರೆದು, 6 ಮಿ.ಮೀ. ಗಾಜು ಹಾಕಿದೆ. ಅಗಲದಲ್ಲಿ ಎರಡೂ ಕಡೆ 2 ಮಿ.ಮೀ. ಬಿಟ್ಟು ಕತ್ತರಿಸಿದರೆ ಸಿಲಿಕೋನ್‌ಗೆ ಜಾಗ ಸಿಗುತ್ತದೆ. ಬಾತ್‌ರೂಮ್‌ಗೆ ಬರುವ, ಬೂಸ್ಟು ತಡೆಯುವ ಔಷಧಿ ಬೆರೆಸಿದ ಸಿಲಿಕೋನ್ ಮುಟ್ಟಬೇಡಿ. ಒಂದು ವಾರ ಒಣಗಲು ಬಿಟ್ಟು, ವಿನಿಗರ್ ವಾಸನೆ ಪೂರ್ತಿ ಹೋದ ಮೇಲೆ ಸಿಹಿನೀರು ತುಂಬಿ ಪರೀಕ್ಷೆ ಮಾಡಿದೆ.

ಇಳಿಯುವ ಪೈಪ್‌ಗೆ ಟೀ ಹಾಕಿ ರೆಫ್ಯೂಜಿಯಂಗೆ ಕವಲು ತೆಗೆದೆ. ಮೊದಲು ಬಾಲ್ ವಾಲ್ವ್ ಇತ್ತು. ಕೂದಲೆಳೆಯಷ್ಟು ತಿರುಗಿಸಿದರೂ ಹರಿವು ದುಪ್ಪಟ್ಟಾಗುತ್ತಿತ್ತು, ನೀರು ಇಳಿಯುವ ಮೇನ್ ಪೈಪ್ ಗೊರಗೊರ ಶಬ್ದ ಮಾಡುತ್ತಿತ್ತು. ಮೇನ್ ಪೈಪ್, ಕವಲು ಎರಡೂ ಕಡೆ, ಹರಿವನ್ನು ಸ್ವಲ್ಪಸ್ವಲ್ಪವೇ ಹೊಂದಿಸಬಹುದಾದ ಗೇಟ್ ವಾಲ್ವ್ ಹಾಕಿದ ಮೇಲೆ ಶಾಂತವಾಯಿತು. ಬೆಲೆ ಜಾಸ್ತಿ, ಆದರೆ ಇಲ್ಲಿ ಉಳಿಸಲು ಹೋಗಬೇಡಿ. ಒಂದು ಲೀಟರ್ ಬಾಟಲಿ 8 ಸೆಕೆಂಡಿನಲ್ಲಿ ತುಂಬುವ ಹಾಗೆ ಇಟ್ಟಿದ್ದೇನೆ, ಅಂದರೆ ಗಂಟೆಗೆ 450 ಲೀಟರ್. ಈ ಹರಿವಿಗೆ ಕೀಟೊ ನಿಧಾನವಾಗಿ ಉರುಳುತ್ತಾ ಇರುತ್ತದೆ. ಒಳಗೆ ತೂತು ಪೈಪ್ ಅಡ್ಡ ಇಟ್ಟಿದ್ದೇನೆ. ತೂತುಗಳು ಯಾವ ಕೋನದಲ್ಲಿ ಇರಬೇಕು ಅನ್ನುವುದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದನ್ನು ಹುಡುಕಲು ನನಗೆ ಬಹಳ ಸಮಯ ಹಿಡಿಯಿತು.

ಲೈಟ್ ಬಗ್ಗೆ ಜಗಳವೇ ಇದೆ. ಮನೆಯ 6500 ಕೆಲ್ವಿನ್ ಬಿಳಿ ಎಲ್‌ಇಡಿಯಲ್ಲೂ ಕೀಟೊ ಬೆಳೆಯಿತು, ಆದರೆ ನಿಧಾನ. ಕೆಂಪು-ನೀಲಿ ಗ್ರೋ ಲೈಟ್ ಹಾಕಿದ ಮೇಲೆ ಎರಡು ವಾರಕ್ಕೊಮ್ಮೆ ಅರ್ಧ ಕಿತ್ತು ಹಾಕುವಷ್ಟು ಆಗುತ್ತಿದೆ. ನೀರು ಹಿಂಡಿ ತೂಗಿದರೆ ಅರ್ಧ ಕೆ.ಜಿ. ಹತ್ತಿರ. ಮೊದಲ ಗ್ರೋ ಲೈಟ್ ಉಪ್ಪು ಹಿಡಿದು ಸತ್ತಿತು, ಆ ದುಡ್ಡು ಹೋದಂತೆಯೇ. ಈಗ ಲೈಟ್‌ನ ಡ್ರೈವರ್ (ಕರೆಂಟ್ ಕೊಡುವ ಡಬ್ಬಿ) ಕ್ಯಾಬಿನೆಟ್‌ನ ಹೊರಗಿದೆ, ಲೈಟ್ ಕೆಳಗೆ ಗಾಜಿನ ಮುಚ್ಚಳ ಇದೆ. ಮೇನ್ ಲೈಟ್ ಆರಿದ ಮೇಲೆ ಇದು ಹತ್ತುತ್ತದೆ. ಹಾಗಾಗಿ ಬೆಳಗಿನ ಜಾವ 7.8ಕ್ಕೆ ಇಳಿಯುತ್ತಿದ್ದ ಪಿಎಚ್ ಈಗ 8ರ ಕೆಳಗೆ ಹೋಗುವುದು ಅಪರೂಪ.

ಶುರುವಿನಲ್ಲಿ 14 ಗಂಟೆ ಲೈಟ್ ಕೊಡುತ್ತಿದ್ದೆ. ಮೂರು-ನಾಲ್ಕು ತಿಂಗಳಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಬಂದವು. ಕೀಟೊ ಬಿಳಿಚಿತು, ಮೇಲಿನ ಮರಳಿನ ಮೇಲೆ ಗುಳ್ಳೆ ಕಟ್ಟಿದ ಕಂದು ಲೋಳೆ ಬಂತು. ಡೈನೋ, ಅಂದರೆ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳು. ಲೈಟನ್ನು 9 ಗಂಟೆಗೆ ಇಳಿಸಿ, ಮೀನಿಗೆ ಊಟ ಜಾಸ್ತಿ ಮಾಡಿದ ಮೇಲೆ ನಿಧಾನಕ್ಕೆ ಹೋಯಿತು. ಸೊನ್ನೆ ನೋಡಿ ಖುಷಿ ಪಡಬೇಡಿ. ಕೀಟೊಗಾಗಿ ಕಬ್ಬಿಣದ ಡೋಸಿಂಗ್ ಕೂಡ ಮಾಡುತ್ತೇನೆ. ಯಾವ ಲೆಕ್ಕದಲ್ಲಿ ಅನ್ನುವುದು ನಿಮ್ಮ ಕೀಟೊದ ಬಣ್ಣ ನೋಡಿ ನಿಮಗೇ ಗೊತ್ತಾಗಬೇಕು.

ನಡುವೆ ಕಾಲರ್ಪ ಎಂಬ ಇನ್ನೊಂದು ಪಾಚಿ ಹಾಕಿಯೂ ನೋಡಿದೆ. ಕೀಟೊಗಿಂತ ಬೇಗ ಬೆಳೆಯಿತು, ಕಲ್ಲುಗಳಿಗೆ ಬೇರು ಬಿಟ್ಟಿತು, ಒಂದು ರಾತ್ರಿ ಬೆಳ್ಳಗಾಗಿ ನೀರನ್ನೆಲ್ಲ ಕದಡಿಸಿತು. ಇನ್ನು ಅದು ಬೇಡ. ಮ್ಯಾಂಗ್ರೋವ್ ಸಸಿ ನೋಡಲು ಚೆಂದ, ನೈಟ್ರೇಟ್ ಇಳಿಸುವಷ್ಟು ವೇಗ ಅದಕ್ಕಿಲ್ಲ. ದುಬಾರಿ ರೀಫ್ ಮಡ್ (ರೆಫ್ಯೂಜಿಯಂ ತಳಕ್ಕೆ ಹಾಕುವ ಕೆಸರು) ಅರ್ಧ ಜಾಗದಲ್ಲಿ ಹಾಕಿ ನೋಡಿದೆ, ಮಡ್ ಇಲ್ಲದ ಅರ್ಧಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಬದಲಿಗೆ ಲೈವ್ ರಾಕ್ (ಬ್ಯಾಕ್ಟೀರಿಯಾ ನೆಲೆಸಿದ ಕಲ್ಲು) ಚೂರುಗಳನ್ನು ಗುಡ್ಡೆ ಹಾಕಿದ್ದೇನೆ. ರಾತ್ರಿ ಟಾರ್ಚ್ ಬಿಟ್ಟರೆ ಗಾಜಿನ ತುಂಬ ಕೋಪಿಪಾಡ್, ಆಂಫಿಪಾಡ್ ಎಂಬ ಪುಟ್ಟ ಸಿಗಡಿಯಂಥ ಜೀವಿಗಳು. ಮೇಲೆ ಹೋಗುವಾಗ ಅವು ಪಂಪ್‌ನಲ್ಲಿ ಅರೆದು ಹೋಗುತ್ತವೆ ಅನ್ನುವವರಿಗೆ, ಅವನ್ನೇ ತಿನ್ನುವ ನನ್ನ ಮ್ಯಾಂಡರಿನ್ ಮೀನಿನ ಹೊಟ್ಟೆ ತೋರಿಸುತ್ತೇನೆ. ಒಂದು ವರ್ಷಕ್ಕೂ ಮೇಲಾಯಿತು, ಪಾಡ್ ಬಾಟಲಿ ಒಂದೂ ಕೊಂಡಿಲ್ಲ.

ಈ ಲೇಔಟ್‌ಗೆ ಆಟೋ ಟಾಪ್-ಅಪ್ (ಆವಿಯಾದಷ್ಟು ನೀರನ್ನು ತಾನೇ ತುಂಬುವ ಸಾಧನ) ಇರಲೇಬೇಕು. ಆವಿಯಾಗುವ ನೀರೆಲ್ಲ ಆ 20 ಸೆಂ.ಮೀ. ಖಾನೆಯಿಂದಲೇ ಇಳಿಯುತ್ತದೆ. ದಿನಕ್ಕೆ 4 ಲೀಟರ್ ಹೋದರೆ ಮಟ್ಟ 4-5 ಸೆಂ.ಮೀ. ಕುಸಿಯುತ್ತದೆ, ಎರಡು ದಿನ ಬಿಟ್ಟರೆ ಪಂಪ್ ಗಾಳಿ ಎಳೆಯುತ್ತದೆ. ಮುಂದಿನ ಸಂಪ್‌ಗೆ ಸ್ಕಿಮ್ಮರ್ ಕಡೆಯಿಂದ 5 ಸೆಂ.ಮೀ. ಕಿತ್ತು ರಿಟರ್ನ್‌ಗೆ ಕೊಡಬೇಕು ಅಂತಿದ್ದೇನೆ. ರೆಫ್ಯೂಜಿಯಂನಿಂದ ಮಾತ್ರ ಒಂದಿಂಚೂ ಬಿಡುವುದಿಲ್ಲ.