ಎರಡನೇ ಹೋಳಿಗೆಗೆ ‘ಬೇಡ’ ಎನ್ನುವ ಧೈರ್ಯ: ಅಳೆಯುವುದು ಹೇಗೆ?

ಪಥ್ಯ ಹಿಡಿದವರನ್ನು ‘ಬಾಯಿ ಕಟ್ಟಲು ಆಗ್ತದಾ?’ ಎಂದು ಕೇಳಿದರೆ ‘ಆಗ್ತದೆ’ ಎನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಬೆಳಗ್ಗೆ ಬನ್ಸ್ ಬಿಡಬಲ್ಲವರಿಗೆ ರಾತ್ರಿ ಯಕ್ಷಗಾನ ಆಟದ ಬಯಲಿನಲ್ಲಿ ಗೋಳಿಬಜೆ ಬಿಡಲು ಆಗದಿರಬಹುದು. ಆದ್ದರಿಂದ ಒಂದೊಂದು ಸಂದರ್ಭದ ಧೈರ್ಯವನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಮೊದಲು ಸಂದರ್ಭಗಳ ಪಟ್ಟಿ. ಕ್ಲಾರ್ಕ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ, ತೂಕ ಇಳಿಸುವವರಿಗೆ ಬಾಯಿ ಕಟ್ಟುವ ಧೈರ್ಯ ಎಷ್ಟೆಂದು ಅಳೆಯುವ 20 ಪ್ರಶ್ನೆಗಳ ‘ವೆಲ್’ (WEL) ಪ್ರಶ್ನಾವಳಿಯಲ್ಲಿ ಐದು ಗುಂಪುಗಳಿವೆ: ಬೇಸರ-ಸಿಟ್ಟು, ತಿಂಡಿ ಕೈಗೆಟಕುವಂತಿರುವುದು, ಇತರರ ಒತ್ತಾಯ, ಮೈ ಸರಿಯಿಲ್ಲದಿರುವುದು, ಟಿವಿ ನೋಡುವಂಥ ಖುಷಿಯ ಹೊತ್ತು. ಗುಂಪಿಗೆ ನಾಲ್ಕು ಪ್ರಶ್ನೆ. ಇದೇ ಐದು ಗುಂಪು ಇಟ್ಟುಕೊಂಡು ಸಂದರ್ಭಗಳನ್ನು ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕದ ಮನೆಗಳಿಂದಲೇ ತೆಗೆಯಿರಿ. ಆದರೆ ಹಾಗೆ ಬದಲಿಸಿದ ಹಾಳೆಯ ಅಂಕವನ್ನು ಮೂಲ ‘ವೆಲ್’ ಅಂಕದ ಜತೆ ಹೋಲಿಸಬಾರದು.

ಕೆಲಸ ಕೆಡುವುದು ಪ್ರಶ್ನೆ ಬರೆಯುವಾಗ. ‘ಬೇಡ ಎನ್ನುತ್ತೇನೆ’ ಎಂದರೆ ಅದು ಸಂಕಲ್ಪ. ‘ಬೇಡ ಎನ್ನಬಲ್ಲೆ’ ಎಂದರೆ ಸಾಮರ್ಥ್ಯದ ಅಂದಾಜು. ನಮಗೆ ಬೇಕಾದ್ದು ಎರಡನೆಯದು. ಈ ವ್ಯತ್ಯಾಸವನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಒತ್ತಿ ಹೇಳಿದ್ದಾರೆ. ‘ಹೆಚ್ಚು ತಿನ್ನದೆ’ ಎಂದು ಬರೆಯಬೇಡಿ, ಒಬ್ಬೊಬ್ಬರ ಹೆಚ್ಚು ಒಂದೊಂದು. ‘ಒಂದೇ ಹೋಳಿಗೆಗೆ ನಿಲ್ಲಿಸಬಲ್ಲೆ’ ಎಂದು ಬರೆಯಿರಿ. ‘ಮದುವೆಯಲ್ಲೂ ಮನೆಯಲ್ಲೂ’ ಎಂದು ಎರಡನ್ನು ಒಂದೇ ವಾಕ್ಯಕ್ಕೆ ತುರುಕಿದರೆ ಉತ್ತರ ಯಾವುದಕ್ಕೆಂದು ಗೊತ್ತಾಗುವುದಿಲ್ಲ. ಕಷ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ: ಹೋಳಿಗೆ ಪಾತ್ರೆ ಎದುರು ಹಾದುಹೋದಾಗ, ಬಡಿಸುವವರು ‘ಒಂದು ಹಾಕ್ತೇನೆ’ ಎಂದಾಗ, ಮನೆಯ ಹಿರಿಯರೇ ಎಲೆಯ ಬಳಿ ನಿಂತು ಒತ್ತಾಯಿಸಿದಾಗ. ಎಲ್ಲರೂ ಹತ್ತಕ್ಕೆ ಹತ್ತು ಅಂಕ ಬರೆಯುವ ಪ್ರಶ್ನೆ ತೀರಾ ಸುಲಭದ್ದು, ತೆಗೆದುಹಾಕಿ.

ಮೊಬೈಲಿನಲ್ಲಿ ತರ್ಜುಮೆ ಮಾಡಿದ ಪ್ರಶ್ನಾವಳಿ ಬೇಡವೇ ಬೇಡ. ಹೌದು-ಅಲ್ಲ ಎಂದು ಒತ್ತಿಸಿ ‘ನಿಮ್ಮ ಮನೋಬಲ ಇಷ್ಟು’ ಎನ್ನುವ ಆ್ಯಪ್‌ಗಳೂ ಬೇಡ. ನಮ್ಮಲ್ಲಿ ಮನೆಮಾತು ತುಳುವೋ ಹವ್ಯಕವೋ ಮಲೆಯಾಳವೋ ಆಗಿರುತ್ತದೆ. ಹಾಗಾಗಿ ಪ್ರಶ್ನೆಯನ್ನು ಮೂರು-ನಾಲ್ಕು ಜನರಿಗೆ ಓದಿ ಹೇಳಿ, ಅವರ ಮನೆಮಾತಿನಲ್ಲೇ ತಿರುಗಿ ಹೇಳಿಸಿ. ಅರ್ಥ ಜಾರಿದ್ದು ಅಲ್ಲೇ ಗೊತ್ತಾಗುತ್ತದೆ.

ಅಂಕ 0ಯಿಂದ 10: 0 ಎಂದರೆ ಧೈರ್ಯವೇ ಇಲ್ಲ, 10 ಎಂದರೆ ಪೂರ್ತಿ ಧೈರ್ಯ. ಮೂಲ ‘ವೆಲ್’ನಲ್ಲಿ 9ರವರೆಗಿದೆ, ಆದರೆ ‘ಹತ್ತಕ್ಕೆ ಎಷ್ಟು?’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಅಭ್ಯಾಸಕ್ಕೆ ಮೊದಲು ಕೇಳಿ: 5 ಕಿಲೋ ಅಕ್ಕಿ ಎತ್ತಬಲ್ಲಿರಾ? 25 ಕಿಲೋ? 50 ಕಿಲೋ? ಧೈರ್ಯಕ್ಕೆ ಅಂಕ ಕೊಡುವುದು ಹೇಗೆಂದು ಇದರಲ್ಲೇ ಕೈಗೆ ಬರುತ್ತದೆ.

ಹಾಳೆ ತುಂಬುವಾಗ ಪಕ್ಕದಲ್ಲಿ ಗಂಡ, ಅತ್ತೆ, ತೂಕ ನೋಡುವವರು ಯಾರೂ ಬೇಡ; ಅವರೆದುರು ಅಂಕ ಏರುತ್ತದೆ. ‘ಇವತ್ತು ಇರುವಂತೆ ಬರೆಯಿರಿ’ ಎನ್ನಿ. ಪ್ರತಿ ಸಲವೂ ಒಂದೇ ಹೊತ್ತಿಗೆ ತುಂಬಿಸಿ, ಊಟ ಮಾಡಿ ಹೊಟ್ಟೆ ತುಂಬಿರುವಾಗ ಎಲ್ಲರೂ ಧೈರ್ಯವಂತರೇ.

ಒಂದೊಂದು ಗುಂಪಿನ ಅಂಕವನ್ನೂ 40ಕ್ಕೆ ಎಷ್ಟೆಂದು ಬೇರೆಬೇರೆಯಾಗಿ ಕೂಡಿಸಿ. ಒಟ್ಟು ಅಂಕವನ್ನಷ್ಟೇ ನೋಡುವುದು ದೊಡ್ಡ ತಪ್ಪು: 200ಕ್ಕೆ 140 ಬಂದವರಿಗೂ ಒತ್ತಾಯದ ಗುಂಪಿನಲ್ಲಿ ಬರೀ 8 ಇರಬಹುದು. ಅವರಿಗೆ ಬೇಕಾದ್ದು ಬೇಡ ಎನ್ನುವ ಮಾತಿನ ಅಭ್ಯಾಸ, ಹೊಸ ಪಥ್ಯದ ಪಟ್ಟಿಯಲ್ಲ.

ನಾಲ್ಕು ವಾರ ಬಿಟ್ಟು ಅದೇ ಹಾಳೆಯನ್ನು ಮತ್ತೆ ಕೊಡಿ. ಅಂಕ ಸ್ವಲ್ಪ ಇಳಿದರೆ ಬೈಯಬೇಡಿ. ಒಂದೆರಡು ಅನುಪತ್ಯದ (ಸಮಾರಂಭದ) ಊಟ ಮುಗಿಸಿ ಬಂದವರ ಅಂದಾಜು ಮೊದಲಿಗಿಂತ ನಿಜಕ್ಕೆ ಹತ್ತಿರ ಇರಬಹುದು. ಹಳೆಯ ಹಾಳೆಯನ್ನು ಮಾತ್ರ ತೋರಿಸಬೇಡಿ, ಕಂಡರೆ ಅದರ ಅಂಕವನ್ನೇ ನೋಡಿ ಬರೆಯುತ್ತಾರೆ.